ಡರ್ಟಿ ಕೌ ಪ್ಯಾಚ್ ಹಾಕಿದ್ಮೇಲೂ ಅನುಮಾನ ಹೋಗ್ತಿಲ್ಲ: ಆ ಡರ್ಟಿ ಬಿಟ್ ಚೆಕ್ ನಿಜವಾಗ್ಲೂ ಸೇಫಾ?

ಪೇಜ್‌ಫಾಲ್ಟ್:

ಎಲ್ರಿಗೂ ನಮಸ್ಕಾರ. ಇಲ್ಲಿ ಕರ್ನಲ್‌ನ ಮೆಮೊರಿ ಕೋಡ್ ಓದಿರೋರು ಇದ್ದೀರ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಪ್ರಾಡಕ್ಟ್ ಇನ್ನೂ 3.18 ಲಿನಕ್ಸ್ ಕರ್ನಲ್ ಮೇಲಿದೆ. ಆರ್ಮ್64, ಬೋರ್ಡ್ ವೆಂಡರ್ ಕೊಟ್ಟ ಸೋರ್ಸ್ ಟ್ರೀ, ಹೊಸ ಕರ್ನಲ್‌ಗೆ ಹೋಗೋ ಮಾತು ಸದ್ಯಕ್ಕಿಲ್ಲ. ಆ ಟ್ರೀಯಲ್ಲಿ ಡರ್ಟಿ ಕೌ ಅನ್ನೋ ಸೆಕ್ಯುರಿಟಿ ಬಗ್‌ನ (ಕೌ ಅಂದ್ರೆ ಕಾಪಿ ಆನ್ ರೈಟ್, ಬರೆಯೋಕೆ ಹೋದಾಗ ಕಾಪಿ ಮಾಡ್ಕೊಳ್ಳೋದು; ಬಗ್ ನಂಬರ್ ಸಿವಿಇ-2016-5195) ಫಿಕ್ಸ್ ಒಂದನ್ನ ಮಾತ್ರ ಎತ್ತಿ ಹಾಕಿದ್ದಾರೆ, ಆಮೇಲೆ ಬಂದಿದ್ದು ಯಾವುದೂ ಇಲ್ಲ. ಟೀಮಲ್ಲಿ ಎಲ್ಲರೂ ಹೇಳ್ತಿರೋದು ಏನಂದ್ರೆ ಎಕ್ಸ್‌ಪ್ಲಾಯ್ಟ್‌ನ ರಾತ್ರಿಯೆಲ್ಲಾ ಓಡಿಸಿದ್ವಿ, ಫೈಲ್ ಬದಲಾಗ್ಲಿಲ್ಲ, ಟಿಕೆಟ್ ಕ್ಲೋಸ್ ಮಾಡಿ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಆ ಎಕ್ಸ್‌ಪ್ಲಾಯ್ಟ್ ಒಂದು ದಾರಿಯಲ್ಲಿ ಬರುತ್ತೆ, ಆ ದಾರಿ ಮುಚ್ಚಿದೆ, ಅಷ್ಟೇ ಗೊತ್ತಾಗಿರೋದು.

ಮೊದ್ಲು ಬಗ್ ಏನು ಅಂತ ನೋಡೋಣ. ಓದೋಕೆ ಮಾತ್ರ ಪರ್ಮಿಷನ್ ಇರೋ ಒಂದು ಫೈಲ್‌ನ ಪ್ರೈವೇಟ್ ಆಗಿ ಎಂಮ್ಯಾಪ್ ಮಾಡ್ಕೋತೀವಿ, ಅಂದ್ರೆ ಫೈಲ್ ನಮ್ಮ ಮೆಮೊರಿಯ ಭಾಗದ ಹಾಗೆ ಕಾಣುತ್ತೆ, ಬರೆದ್ರೆ ನಮ್ಮ ಕಾಪಿ ಮಾತ್ರ ಬದಲಾಗಬೇಕು. ಒಂದು ಥ್ರೆಡ್ ಪ್ರೋಕ್ ಸೆಲ್ಫ್ ಮೆಮ್ (ಪ್ರೊಸೆಸ್ ತನ್ನ ಮೆಮೊರಿನೇ ಫೈಲ್ ಹಾಗೆ ಓದಿ ಬರೆಯೋ ದಾರಿ) ಮೂಲಕ ಆ ಜಾಗಕ್ಕೆ ಬರೆಯುತ್ತೆ. ಕರ್ನಲ್ ಆ ಪೇಜ್ ಹುಡುಕ್ತಾ ಒಂದು ಲೂಪಲ್ಲಿ ಸುತ್ತುತ್ತೆ: ಪೇಜ್ ಇಲ್ವಾ, ಫಾಲ್ಟ್ ಮಾಡಿಸು (ಅಂದ್ರೆ ತರಿಸು), ಬರೆಯೋಕೆ ಆಗಲ್ವಾ, ಕಾಪಿ ಮಾಡಿಸು. ಕಾಪಿ ಆಯ್ತು ಅಂತ ಗೊತ್ತಾದ ಕೂಡ್ಲೆ ಹಳೇ ಕೋಡ್ ಏನ್ ಮಾಡ್ತಿತ್ತು ಅಂದ್ರೆ ಬರೆಯೋಕೆ ಬೇಕು ಅಂತ ಹೇಳೋ ಫಾಲ್_ರೈಟ್ ಫ್ಲಾಗನ್ನೇ ತೆಗೆದುಹಾಕಿ, ಇನ್ನು ಓದೋಕೆ ಅಂತ ಹುಡುಕಿದ್ರೆ ಸಾಕು, ಸಿಗೋದು ಹೇಗಿದ್ರೂ ನಮ್ಮ ಕಾಪಿನೇ ಅಂತ ಅಂದ್ಕೊಂಡು ಇನ್ನೊಂದು ಸುತ್ತು ಹೋಗ್ತಿತ್ತು. ಆ ಒಂದು ಸುತ್ತಿನ ಮಧ್ಯೆ ಎರಡನೇ ಥ್ರೆಡ್ ಎಂಅಡ್ವೈಸ್ ಡೋಂಟ್‌ನೀಡ್ (ಈ ಮೆಮೊರಿ ಬೇಡ ಅಂತ ಹೇಳೋ ಕರೆ) ಕರೆದು ಕಾಪಿನ ಬಿಸಾಕಿದ್ರೆ? ಮತ್ತೆ ಫಾಲ್ಟ್, ಆದ್ರೆ ಈಗ ಓದೋ ಫಾಲ್ಟ್, ಪೇಜ್ ಕ್ಯಾಶ್‌ನಲ್ಲಿರೋ (ಫೈಲ್‌ನ ಎಲ್ಲರೂ ಹಂಚ್ಕೊಳ್ಳೋ ಮೆಮೊರಿ ಪ್ರತಿ) ಅಸಲಿ ಪೇಜೇ ಕೈಗೆ ಬರುತ್ತೆ, ಕರ್ನಲ್ ಅದರ ಮೇಲೇ ಬರೀತದೆ. ಪಾಸ್‌ವರ್ಡ್ ಫೈಲ್, ರೂಟ್ ಅಧಿಕಾರದಲ್ಲಿ ಓಡೋ ಸೆಟ್‌ಯುಐಡಿ ಬೈನರಿ, ಯಾವುದಾದ್ರೂ ಆಗಬಹುದು.

ಫಿಕ್ಸಲ್ಲಿ ಫಾಲ್_ರೈಟ್ ತೆಗೆಯೋದು ಬಿಟ್ಟು ಫಾಲ್_ಕೌ ಅಂತ ಹೊಸ ಫ್ಲಾಗ್ ಹಾಕಿದ್ರು. ಪಿಟಿಇ (ಪೇಜ್ ಟೇಬಲ್‌ನಲ್ಲಿ ಆ ಪೇಜ್‌ನ ನಮೂದು) ರೈಟಬಲ್ ಇದ್ರೆ ಸರಿ, ಇಲ್ಲಾಂದ್ರೆ ಫೋರ್ಸ್ (ಪರ್ಮಿಷನ್ ಮೀರಿ ಬರೆಯೋ ಫ್ಲಾಗ್) ಇರಬೇಕು, ಕೌ ಇರಬೇಕು, ಜೊತೆಗೆ ಪಿಟಿಇ ಡರ್ಟಿ ಇರಬೇಕು, ಆಗ ಮಾತ್ರ ಬರೆಯೋಕೆ ಬಿಡೋದು.

ನನ್ನ ಪ್ರಶ್ನೆ ಇಷ್ಟೇ. ಡರ್ಟಿ ಬಿಟ್ ಹೇಳೋದು ಈ ಪೇಜ್‌ಗೆ ಯಾರೋ ಬರೆದಿದ್ದಾರೆ ಅಂತ. ಇದು ನಾನು ಮಾಡಿಸಿದ ಕಾಪಿ ಅಂತ ಅದು ಎಲ್ಲಿ ಹೇಳುತ್ತೆ? ಇವತ್ತು ಎರಡೂ ಒಂದೇ ಆಗಿರಬಹುದು, ನಾಳೆ ಕರ್ನಲ್‌ನ ಬೇರೆ ಯಾವುದೋ ಮೂಲೆಯವರು ಅವರ ಕಾರಣಕ್ಕೆ ಡರ್ಟಿ ಬಿಟ್ ಹಾಕಿದ್ರೆ ಈ ಚೆಕ್ ಏನಾಗುತ್ತೆ?

ತುಂಗಾತೀರ:

ನಾನು ಇನ್ನೂ ಕಲೀತಿದೀನಿ, ಒಂದು ಡೌಟು. ಓದೋಕೆ ಮಾತ್ರ ಇರೋ ಜಾಗಕ್ಕೆ ಬರೆಯೋಕೆ ಯಾಕೆ ಬಿಡ್ಬೇಕು? ಆಗಲ್ಲ ಅಂತ ಎರರ್ ಕೊಟ್ಟು ಕಳಿಸಿದ್ರೆ ಈ ರಾಮಾಯಣನೇ ಇರಲ್ವಲ್ಲ.

ಮೆಮೊರಿಮಾತು:

@ತುಂಗಾತೀರ ಡೌಟ್ ಸರಿಯಾಗೇ ಇದೆ. ಡಿಬಗ್ಗರ್‌ಗೆ ಅದು ಬೇಕು. ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ ಹಾಕಿದ್ರೆ ಪ್ರೋಗ್ರಾಮ್‌ನ ಕೋಡ್ ಇರೋ ಪೇಜ್‌ಗೇ ಒಂದು ಇನ್‌ಸ್ಟ್ರಕ್ಷನ್ ಬರೀಬೇಕು, ಆ ಪೇಜ್ ಸಾಮಾನ್ಯವಾಗಿ ರೀಡ್ ಓನ್ಲಿ. ಅದಕ್ಕೇ ಫಾಲ್_ಫೋರ್ಸ್ ಇರೋದು: ಪರ್ಮಿಷನ್ ಮೀರಿ ಬರಿ, ಆದ್ರೆ ಪ್ರೈವೇಟ್ ಕಾಪಿ ಮಾಡ್ಕೊಂಡು ಬರಿ, ಅಸಲಿ ಫೈಲ್ ಮುಟ್ಟಬೇಡ ಅಂತ. ಪ್ರೋಕ್ ಮೆಮ್‌ನಲ್ಲಿ ಇದನ್ನ ಪೂರ್ತಿ ತೆಗೆದು ನೋಡೋಣ ಅಂತ ಲಿನಸ್ ಟೊರ್ವಾಲ್ಡ್ಸ್ 2017ರಲ್ಲಿ ಪ್ರಯತ್ನಪಟ್ರು, ಜೂಲಿಯಾ ಭಾಷೆಯ ಜಿಟ್ ಕಂಪೈಲರ್ ಮತ್ತೆ ಆರ್‌ಆರ್ ಡಿಬಗ್ಗರ್ ಅದನ್ನೇ ನಂಬ್ಕೊಂಡಿದ್ವು, ಹಾಗಾಗಿ ವಾಪಸ್ ತರಬೇಕಾಯ್ತು.

@ಪೇಜ್‌ಫಾಲ್ಟ್ ನಿಮ್ಮ ಅನುಮಾನ ನಿಜ, ನಾಳೆ ಅಂದ್ರಲ್ಲ, ಆ ನಾಳೆ ಬಂದು ಹೋಗಿ ಆಗಿದೆ. ಸಂಜೆ ಕೂತು ವಿವರವಾಗಿ ಬರೀತೀನಿ.

ಸಿದ್ಧಾರೂಢ_ಸಿ:

ಅಣ್ಣಾರ, ನನಗ ಒಂದ್ ಮಾತು ತಿಳೀವಲ್ದು. ಎರಡು ಥ್ರೆಡ್ ಜಗಳಾ ಮಾಡಾಕತ್ತಾವು ಅಂದ್ರ ಒಂದು ಲಾಕ್ ಹಾಕಿದ್ರ ಮುಗೀತಲ್ಲ? ಪ್ರೊಸೆಸ್‌ಗೊಂದು ಎಂಮ್ಯಾಪ್ ಸೆಮಾಫೋರ್ ಐತಿ, ಬರೆಯೋ ಮುಂದ ಅದನ್ನ ರೈಟ್ ಮೋಡ್‌ನ್ಯಾಗ ಹಿಡಕೊಂಡು ಬಿಟ್ರ ಆ ಎಂಅಡ್ವೈಸ್ ಹೊರಗs ನಿಂದ್ರತೈತಿ. ಇಷ್ಟು ಫ್ಲಾಗು, ಡರ್ಟಿ ಬಿಟ್ಟು ಎಲ್ಲಾ ಯಾಕ ಬೇಕಾತು?

ಪೇಜ್‌ಫಾಲ್ಟ್:

@ಸಿದ್ಧಾರೂಢ_ಸಿ ನಾನೂ ಮೊದ್ಲು ನೋಡಿದ್ದು ಅದನ್ನೇ. ಡೋಂಟ್‌ನೀಡ್ ಮತ್ತೆ ಈ ಪೇಜ್ ಹುಡುಕೋ ಲೂಪ್ ಎರಡೂ ಆ ಸೆಮಾಫೋರ್‌ನ ರೀಡ್ ಮೋಡಲ್ಲೇ ಹಿಡಿಯೋದು, ಅದಕ್ಕೇ ಇಬ್ಬರೂ ಒಟ್ಟಿಗೆ ಒಳಗೆ ಇರಬಹುದು. ರೈಟ್ ಮೋಡ್ ಮಾಡಿದ್ರೆ ಆ ಪ್ರೊಸೆಸ್‌ನ ಮಿಕ್ಕ ಥ್ರೆಡ್‌ಗಳ ಸಾಮಾನ್ಯ ಪೇಜ್ ಫಾಲ್ಟ್ ಕೂಡ ನಿಲ್ಲುತ್ತೆ, ಅದನ್ನ ಯಾರೂ ಒಪ್ಪಲ್ಲ. ಅದಕ್ಕಿಂತ ದೊಡ್ಡ ವಿಷಯ, ಪಿಟಿಇ ಅಳಿಸೋದು ಆ ಸೆಮಾಫೋರ್ ಹಿಡಿದವರು ಮಾತ್ರ ಅಲ್ಲ. ಫೈಲ್ ಟ್ರಂಕೇಟ್ ಆದ್ರೆ ಕರ್ನಲ್ ಫೈಲ್ ಕಡೆಯಿಂದ ಬಂದು ಮ್ಯಾಪ್ ಆಗಿರೋ ಪೇಜ್‌ಗಳನ್ನೆಲ್ಲ ಕಿತ್ತು ಹಾಕುತ್ತೆ, ಪ್ರೈವೇಟ್ ಕಾಪಿಗಳನ್ನೂ ಸೇರಿಸಿ, ನಮ್ಮ ಪ್ರೊಸೆಸ್‌ನ ಸೆಮಾಫೋರ್ ಅದು ಕೇಳೋದೇ ಇಲ್ಲ.

ಇನ್ನೊಂದು ನೋಡಿ, ಈ ಬಗ್‌ನಲ್ಲಿ ಲಾಕ್ ಇಲ್ದೇ ಮುಟ್ಟಿದ ವೇರಿಯಬಲ್ ಒಂದೂ ಇಲ್ಲ. ಪಿಟಿಇ ಓದಿದ್ದು ಪೇಜ್ ಟೇಬಲ್ ಲಾಕ್ ಹಿಡಿದೇ, ಬದಲಾಯಿಸಿದ್ದೂ ಹಿಡಿದೇ. ಲಾಕ್ ಬಳಕೆ ಪರೀಕ್ಷಿಸೋ ಲಾಕ್‌ಡೆಪ್ ಬಾಯಿ ಬಿಡಲ್ಲ, 5.8ರಲ್ಲಿ ಬಂದ ರೇಸ್ ಹುಡುಕೋ ಟೂಲ್ ಕೆಸಿಸ್ಯಾನ್ ಓಡಿಸಿದ್ರೂ ಡೇಟಾ ರೇಸ್ ಅಂತ ಏನೂ ತೋರಿಸಲ್ಲ. ತಪ್ಪಿರೋದು ಲಾಕ್ ಬಿಟ್ಟು ಮತ್ತೆ ಹಿಡಿಯೋ ನಡುವೆ, ಆಗಿನ ನಿರ್ಧಾರನ ಈಗಿನ ಪೇಜ್‌ಗೆ ಅನ್ವಯಿಸೋದ್ರಲ್ಲಿ. ಅದಕ್ಕೇ ಟೂಲ್ ಕ್ಲೀನ್ ಅಂತು ಅನ್ನೋ ವಾದ ನಾನು ಒಪ್ಪೋಕೆ ತಯಾರಿಲ್ಲ.

ಹಳೇಟ್ರೀ:

ಇದರ ಹಿಂದಿನ ಕಥೆ ಗೊತ್ತಿದ್ರೆ ನಿಮ್ಮ ಪ್ರಶ್ನೆಗೆ ಇನ್ನೂ ತೂಕ ಬರುತ್ತೆ. ಈ ರೇಸ್‌ನ ಮೊದಲ ಫಿಕ್ಸ್ 2016ರದ್ದಲ್ಲ, 2005ರ ಆಗಸ್ಟ್‌ದು. ಆಗ್ಲೂ ಲಿನಸ್ ಬರೆದಿದ್ದು ಡರ್ಟಿ ಬಿಟ್ ನೋಡೋ ಚೆಕ್ಕೇ. ಆದ್ರೆ ಐಬಿಎಂ ಮೇನ್‌ಫ್ರೇಮ್‌ನ ಎಸ್390ನಲ್ಲಿ ಡರ್ಟಿ ಮಾಹಿತಿ ಪಿಟಿಇಯಲ್ಲಿ ಇರ್ತಾನೇ ಇರ್ಲಿಲ್ಲ, ಪ್ರತಿ ಫಿಸಿಕಲ್ ಪೇಜ್‌ಗೆ ಹಾರ್ಡ್‌ವೇರೇ ಇಟ್ಕೊಳ್ಳೋ ಸ್ಟೋರೇಜ್ ಕೀಯಲ್ಲಿ ಇರ್ತಿತ್ತು. ಪಿಟಿಇ ಡರ್ಟಿನಾ ಅಂದ್ರೆ ಅಲ್ಲಿ ಸರಿಯಾದ ಉತ್ತರನೇ ಬರಲ್ಲ. ಹಾಗಾಗಿ ಕೆಲವೇ ದಿನದಲ್ಲಿ ಅದನ್ನ ತೆಗೆದು, ಕಾಪಿ ಆದ್ರೆ ಫ್ಲಾಗ್ ಬಿಡೋ ಆ ಹೊಸ ದಾರಿ ಹಾಕಿದ್ರು. ಡರ್ಟಿ ಕೌ ಹುಟ್ಟಿದ್ದು ಅಲ್ಲಿಂದ.

2016ರ ಕಮಿಟ್ ಮೆಸೇಜಲ್ಲಿ ಲಿನಸ್ ಇದನ್ನೆಲ್ಲ ಮುಚ್ಚುಮರೆ ಇಲ್ದೆ ಬರೆದಿದ್ದಾರೆ: ಹನ್ನೊಂದು ವರ್ಷದ ಹಿಂದೆ ತಾನು ಸರಿಮಾಡೋಕೆ ಹೋಗಿದ್ದು ಸರಿಯಾಗಿ ಆಗಿರ್ಲಿಲ್ಲ, ಎಸ್390ಗೆ 3.9 ಕರ್ನಲ್‌ನಿಂದ ಸಾಫ್ಟ್‌ವೇರ್ ಡರ್ಟಿ ಬಿಟ್ ಬಂದಿದೆ, ಈಗ ಸರಿಯಾಗಿ ಮಾಡಬಹುದು ಅಂತ. ಆಗ ಬರೀ ಥಿಯರಿಯಲ್ಲಿದ್ದ ರೇಸ್, ಮೆಮೊರಿ ಕೋಡ್ ಜಾಸ್ತಿ ಸ್ಕೇಲ್ ಆಗೋಕೆ ಶುರುವಾದ್ಮೇಲೆ ಸುಲಭ ಆಯ್ತು ಅಂತಾನೂ ಅದರಲ್ಲಿದೆ. ಆ ಮೆಸೇಜ್ ಪೂರ್ತಿ ಓದಿ, ಚಿಕ್ಕದೇ ಇದೆ.

ರಿಲೀಸ್‌ಮ್ಯಾನ್:

ಎಲ್ಲಾ ಸರಿ ಸ್ವಾಮಿ, ಆದ್ರೆ ಪ್ರಾಡಕ್ಟ್ ಶಿಪ್ ಮಾಡೋ ಜಾಗದಲ್ಲಿ ಕೂತು ನೋಡಿ. ಒಂದು ಸಿವಿಇ, ಅದಕ್ಕೆ ಒಂದು ಅಪ್‌ಸ್ಟ್ರೀಮ್ (ಮೂಲ ಲಿನಕ್ಸ್‌ನ) ಪ್ಯಾಚ್, ಲಿನಸ್ ಬರೆದದ್ದು, ರಿವ್ಯೂ ಆಗಿದ್ದು. ಅದನ್ನೂ ನಂಬಲ್ಲ ಅಂದ್ರೆ ಯಾವುದನ್ನ ನಂಬೋದು? ಅಪ್‌ಸ್ಟ್ರೀಮ್‌ನವರಿಗಿಂತ ನಮಗೆ ಜಾಸ್ತಿ ಗೊತ್ತಾ? ಇಂಥ ರೇಸ್‌ಗಳು ಲ್ಯಾಬಲ್ಲಿ ಸರಿ, ಫೀಲ್ಡಲ್ಲಿ ಯಾರು ಹೊಡೀತಾರೆ?

ಹಳೇಟ್ರೀ:

@ರಿಲೀಸ್‌ಮ್ಯಾನ್ ಫೀಲ್ಡಲ್ಲಿ ಹೊಡೆದಿದ್ದಾರೆ. ಡರ್ಟಿ ಕೌ ಸಿಕ್ಕಿಬಿದ್ದಿದ್ದೇ ಫೀಲ್ಡಲ್ಲಿ, ಡೆವಲಪರ್ ಫಿಲ್ ಓಸ್ಟರ್ ಅವರ ಸರ್ವರ್‌ಗೆ ಬಂದ ಟ್ರಾಫಿಕ್ ಕ್ಯಾಪ್ಚರ್‌ನಲ್ಲಿ ಎಕ್ಸ್‌ಪ್ಲಾಯ್ಟ್ ಸಿಕ್ತು. 2017ರ ಸೆಪ್ಟೆಂಬರ್‌ನಲ್ಲಿ, ಅಂದ್ರೆ ಪ್ಯಾಚ್ ಬಂದು ಹತ್ತಿರ ಹತ್ತಿರ ಒಂದು ವರ್ಷ ಆದ್ಮೇಲೆ, ಟ್ರೆಂಡ್ ಮೈಕ್ರೋ ಅನ್ನೋ ಸೆಕ್ಯುರಿಟಿ ಕಂಪನಿಯವರು ಇದೇ ಬಗ್ ಬಳಸೋ ಜೆಡ್‌ನಿಯು ಅನ್ನೋ ಆಂಡ್ರಾಯ್ಡ್ ಮಾಲ್‌ವೇರ್ ಬಗ್ಗೆ ಬರೆದ್ರು, ಅದಕ್ಕೆ ಸಿಕ್ಕಿಹಾಕ್ಕೊಂಡವರಲ್ಲಿ ಹೆಚ್ಚಿನವರು ಚೀನಾ ಮತ್ತೆ ನಮ್ಮ ಇಂಡಿಯಾದವರೇ. ಅಪ್ಡೇಟ್ ಬರದ ಅಗ್ಗದ ಫೋನ್ ಇಟ್ಕೊಂಡಿರೋರು ಯಾರು ಅಂತ ನಮಗೆ ಬೇರೆ ಹೇಳಬೇಕಾ.

ಮೆಮೊರಿಮಾತು:

ಹೇಳಿದ ಹಾಗೆ ಬಂದೆ. @ರಿಲೀಸ್‌ಮ್ಯಾನ್ ಇದು ನಿಮಗೂ ಉತ್ತರ. ಅಪ್‌ಸ್ಟ್ರೀಮ್ ನಂಬಬೇಡಿ ಅಂತ ಯಾರೂ ಅಂತಿಲ್ಲ, ಅಪ್‌ಸ್ಟ್ರೀಮ್ ಆ ಪ್ಯಾಚ್‌ಗೆ ನಿಲ್ಲಲಿಲ್ಲ ಅನ್ನೋದು ನೋಡಿ ಅಂತಿದೀವಿ.

2016ರ ಪ್ಯಾಚ್ ಸಾಮಾನ್ಯ 4 ಕೆಬಿ ಪೇಜ್‌ಗಳ ದಾರಿನ ಸರಿಮಾಡ್ತು. 2 ಎಂಬಿ ಟ್ರಾನ್ಸ್‌ಪೇರೆಂಟ್ ಹ್ಯೂಜ್ ಪೇಜ್‌ಗಳದ್ದು (ಕರ್ನಲ್ ತಾನಾಗೇ ಕೊಡೋ ದೊಡ್ಡ ಪೇಜ್‌ಗಳು) ಬೇರೆ ಫೈಲು, ಅದರಲ್ಲೂ ಇಂಥದೇ ಚೆಕ್ ಒಂದಿದೆ, ಅದು ಬಿಟ್ಟುಹೋಯ್ತು. ಏನಾಯ್ತು ನೋಡಿ: ಫಾಲ್ಟ್ ಮಾಡಿಸೋನು ಕಾಪಿ ಆಯ್ತು ಅಂತ ಫಾಲ್_ಕೌ ಹಾಕಿ, ಮತ್ತೆ ನೋಡು ಅಂತಾನೆ; ಹ್ಯೂಜ್ ಪೇಜ್ ಕೋಡ್‌ಗೆ ಆ ಫ್ಲಾಗ್ ಏನು ಅಂತಾನೇ ಗೊತ್ತಿಲ್ಲ, ರೈಟ್ ಕೇಳ್ತಿದ್ದಾರೆ, ಪಿಎಂಡಿ (ಹ್ಯೂಜ್ ಪೇಜ್‌ನ ನಮೂದು) ರೈಟಬಲ್ ಅಲ್ಲ, ಆಗಲ್ಲ ಅಂತ ವಾಪಸ್ ಕಳಿಸ್ತಾನೆ; ಮತ್ತೆ ಫಾಲ್ಟ್, ಮತ್ತೆ ವಾಪಸ್. ಕೊನೆಯೇ ಇಲ್ಲದ ಲೂಪ್. ಇದನ್ನ 2017ರ ಜನವರಿಯಲ್ಲಿ ಸರಿಮಾಡಿದ್ರು, ಹ್ಯೂಜ್ ಪೇಜ್ ಕಡೆಗೂ ಅದೇ ಫಾರ್ಮುಲಾ ಹಾಕಿ: ಫೋರ್ಸ್, ಕೌ, ಮತ್ತೆ ಪಿಎಂಡಿ ಡರ್ಟಿ.

ಈಗ ಕಷ್ಟ ಶುರು. ಹ್ಯೂಜ್ ಪೇಜ್ ಕೋಡಲ್ಲಿ ಪೇಜ್‌ನ ಸುಮ್ನೆ ಓದೋಕೆ ಅಂತ ಮುಟ್ಟಿದ್ರೂ ಡರ್ಟಿ ಬಿಟ್ ಹಾಕ್ಬಿಡ್ತಿದ್ರು. ಅದರ ಮೇಲೇ ಒಂದು ಕಾಮೆಂಟ್ ಇತ್ತು, ನಿಜವಾಗಿ ಬರೆಯುವಾಗ ಮಾತ್ರ ಹಾಕ್ಬೇಕು, ಆದ್ರೆ ಸದ್ಯಕ್ಕೆ ಪಿಎಂಡಿಯ ಡರ್ಟಿ ಬಿಟ್‌ಗೆ ಅರ್ಥ ಇಲ್ಲ ಅನ್ನೋ ಅರ್ಥದ್ದು. ಒಂದು ಕಡೆ ಈ ಬಿಟ್‌ಗೆ ಅರ್ಥ ಇಲ್ಲ ಅಂತ ಬರೆದಿಟ್ಟಿದ್ದಾರೆ, ಇನ್ನೊಂದು ಕಡೆ ಅದೇ ಬಿಟ್ ಮೇಲೆ ಸೆಕ್ಯುರಿಟಿ ನಿಲ್ಲಿಸಿದ್ದಾರೆ. ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿದು, ಒಳಗೆ ಹತ್ತಿದ್ಮೇಲೆ ಟವೆಲ್ ಇರೋ ಸೀಟೆಲ್ಲ ನಂದೇ ಅಂದ ಹಾಗೆ.

2017ರ ನವೆಂಬರ್ ಕೊನೆಗೆ ಬಿಂಡೆಸಿ ಅನ್ನೋ ಕಂಪನಿಯವರು ಇದನ್ನ ಹೊರಗೆ ಹಾಕಿದ್ರು, ಹ್ಯೂಜ್ ಡರ್ಟಿ ಕೌ, ಸಿವಿಇ-2017-1000405. ಇಡೀ ಸಿಸ್ಟಮ್‌ಗೆ ಒಂದೇ ಹ್ಯೂಜ್ ಝೀರೋ ಪೇಜ್ ಇರುತ್ತೆ, ಇನ್ನೂ ಬರೆಯದ ಮೆಮೊರಿ ಓದಿದವರಿಗೆಲ್ಲ ಅದನ್ನೇ ಹಂಚೋದು. ಒಂದು ಥ್ರೆಡ್ ಬರೆಯೋ ಲೂಪಲ್ಲಿ ಫಾಲ್_ಕೌ ಹಿಡ್ಕೊಂಡು ಸುತ್ತುತ್ತಿರುತ್ತೆ, ಇನ್ನೊಂದು ಡೋಂಟ್‌ನೀಡ್ ಕರೆದು ಕಾಪಿ ಬಿಸಾಕಿ, ಓದಿ, ಝೀರೋ ಪೇಜ್ ತರಿಸಿ, ಅದಕ್ಕೆ ಡರ್ಟಿ ಬಿಟ್ ಬೀಳೋ ಹಾಗೆ ಮಾಡುತ್ತೆ. ಬರೆಯೋನು ಬಂದು ನೋಡ್ತಾನೆ: ಕೌ ಆಗಿದೆ, ಡರ್ಟಿ ಇದೆ, ನಂದೇ. ಬರೀತಾನೆ. ಆಮೇಲೆ ಸೊನ್ನೆ ಇರತ್ತೆ ಅಂತ ನಂಬಿದ ಬೇರೆ ಪ್ರೊಸೆಸ್‌ಗಳು ಆ ಕಸ ಓದ್ತವೆ. ಕಿರಿಲ್ ಶುಟೆಮೋವ್ ಬರೆದ ಫಿಕ್ಸ್‌ನಲ್ಲಿ ಬರೆಯೋಕೆ ಮುಟ್ಟಿದಾಗ ಮಾತ್ರ ಡರ್ಟಿ ಹಾಕೋ ಹಾಗೆ ಆಯ್ತು.

ಮೂರು ಪ್ಯಾಚ್ ಒಂದರ ಬಾಲ ಹಿಡಿದು ಒಂದು ಬಂದಿವೆ. ಮೊದಲನೇದು ಮಾತ್ರ ಇದ್ರೆ ಹ್ಯಾಂಗ್. ಹ್ಯಾಂಗ್ ಆಗುತ್ತೆ ಅಂತ ಎರಡನೇದು ತಂದು ಅಲ್ಲಿಗೇ ನಿಲ್ಲಿಸಿದ್ರೆ ಹ್ಯಾಂಗ್ ಹೋಗಿ ಹೋಲ್ ಬರುತ್ತೆ, ಅದು ಇನ್ನೂ ಅಪಾಯ, ಯಾಕಂದ್ರೆ ಈಗ ಹೊರಗಿಂದ ನೋಡಿದ್ರೆ ಎಲ್ಲಾ ಚೆನ್ನಾಗಿರೋ ಹಾಗೆ ಕಾಣುತ್ತೆ. ನಿಮ್ಮ ವೆಂಡರ್ ಟ್ರೀಯಲ್ಲಿ ಎಲ್ಲಿಗೆ ನಿಂತಿದೆ ನೋಡಿ.

ಸಿದ್ಧಾರೂಢ_ಸಿ:

ಈಗ ತಿಳೀತು ನೋಡ್ರಿ. ಹಂಗಾರ ಇನ್ನೊಂದು ಕೇಳ್ತೀನಿ, ಮೂರನೇ ಪ್ಯಾಚ್ ಹಾಕಿದ್ಮ್ಯಾಲ ಮುಗೀತs? ಡರ್ಟಿ ಬಿಟ್ ಮ್ಯಾಲಿನ ನಂಬಿಕಿ ಹಂಗs ಉಳೀತಲ್ಲ.

ಮೆಮೊರಿಮಾತು:

@ಸಿದ್ಧಾರೂಢ_ಸಿ ಮುಗೀಲಿಲ್ಲ. 5.16ರಲ್ಲಿ ಶೇರ್ಡ್ ಮೆಮೊರಿಗೆ ಸಂಬಂಧಪಟ್ಟ ಯೂಸರ್‌ಫಾಲ್ಟ್‌ಎಫ್‌ಡಿ (ಪೇಜ್ ಫಾಲ್ಟ್‌ನ ಪ್ರೋಗ್ರಾಮೇ ನಿಭಾಯಿಸೋ ಸೌಲಭ್ಯ) ಕೋಡಲ್ಲಿ ಪಿಟಿಇ ಹಾಕುವಾಗ ಯಾವಾಗ್ಲೂ ಡರ್ಟಿ ಬಿಟ್ ಹಾಕೋ ಹಾಗೆ ಬದಲಾಯಿಸಿದ್ರು. ಆ ಕೋಡ್ ಬರೆದವರ ಕಡೆಯಿಂದ ನೋಡಿದ್ರೆ ಅದು ಒಳ್ಳೇ ಬದಲಾವಣೆ, ಕೋಡ್ ಸರಳ ಆಗ್ಲಿ ಅಂತ ಮಾಡಿದ್ದು. ಆದ್ರೆ ಎಷ್ಟೋ ದೂರದಲ್ಲಿ ಒಂದು ಚೆಕ್ ಆ ಬಿಟ್‌ಗೆ ಬೇರೆ ಅರ್ಥ ಇಟ್ಕೊಂಡಿದೆ ಅಂತ ಯಾರ ತಲೆಗೂ ಹೊಳೀಲಿಲ್ಲ, ಎಲ್ಲೂ ಬರೆದೂ ಇರ್ಲಿಲ್ಲ. ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರೋ ಫೈಲ್ ಸಿಸ್ಟಮ್) ಫೈಲ್‌ಗಳ ಮಟ್ಟಿಗೆ ಡರ್ಟಿ ಕೌ ಮತ್ತೆ ಎದ್ದು ಕೂತಿತು, ಸಿವಿಇ-2022-2590.

ಸರಿಮಾಡಿದ್ದು ಡೇವಿಡ್ ಹಿಲ್ಡನ್‌ಬ್ರಾಂಡ್, 2022ರ ಆಗಸ್ಟ್‌ನಲ್ಲಿ. ಅವರು ಡರ್ಟಿ ಹಾಕೋ ಆ ಇನ್ನೊಂದು ಜಾಗನ ತೇಪೆ ಹಚ್ಚೋ ಬದಲು ಫಾಲ್_ಕೌ ಫ್ಲಾಗನ್ನೇ ಕಿತ್ತು ಹಾಕಿದ್ರು. 5.19ರಲ್ಲಿ ಬಂದ ಅನಾನ್ ಎಕ್ಸ್‌ಕ್ಲೂಸಿವ್ ಅನ್ನೋ ಗುರುತು ಇದೆಯಲ್ಲ, ಈ ಅನಾನಿಮಸ್ ಪೇಜ್ (ಯಾವ ಫೈಲ್‌ಗೂ ಸೇರದ್ದು) ಈ ಪ್ರೊಸೆಸ್ ಒಬ್ಬಂದೇ ಅಂತ ಹೇಳೋದು, ಅದನ್ನ ನೋಡಿ, ಮ್ಯಾಪಿಂಗ್ ಪ್ರೈವೇಟಾ ಅಂತ ನೋಡಿ, ಆಮೇಲೆ ಬಿಡ್ತಾರೆ. ಹಿಂದಿನ ಸುತ್ತಲ್ಲಿ ಏನಾಯ್ತು ಅಂತ ನೆನಪಿಟ್ಕೊಳ್ಳೋದೇ ಬೇಡ, ಈಗ ಕೈಯಲ್ಲಿರೋ ಪೇಜ್‌ನೇ ಲಾಕ್ ಹಿಡಿದು ಕೇಳ್ತಾರೆ. ಪೇಜ್ ಎಷ್ಟು ಸಲ ಬದಲಾದ್ರೂ ಪ್ರಶ್ನೆಗೆ ಉತ್ತರ ಹಳಸಲ್ಲ. @ಪೇಜ್‌ಫಾಲ್ಟ್ ನೀವು ಮೊದಲ ಪೋಸ್ಟಲ್ಲಿ ಕೇಳಿದ್ದ ಪ್ರಶ್ನೆಯೇ ಇದು.

ರಿಲೀಸ್‌ಮ್ಯಾನ್:

ಸರಿ, ಒಪ್ಪಿದೆ. ಆದ್ರೆ 3.18ಗೆ ಆ ಕೊನೇ ಪ್ಯಾಚ್ ತರೋಕಾಗಲ್ಲ, ಅನಾನ್ ಎಕ್ಸ್‌ಕ್ಲೂಸಿವ್ ಅಲ್ಲಿ ಇಲ್ಲವೇ ಇಲ್ಲ, ಅದನ್ನ ತರೋಕೆ ಹೋದ್ರೆ ಅರ್ಧ ಮೆಮೊರಿ ಸಬ್‌ಸಿಸ್ಟಮ್ ಜೊತೆಗೆ ಬರುತ್ತೆ. ಇವರು ಈಗ ಏನ್ ಮಾಡ್ಬೇಕು?

ಪೇಜ್‌ಫಾಲ್ಟ್:

ಅದೇ ನೋಡ್ತಾ ಕೂತಿದ್ದೆ. ಟ್ರೀ ತೆಗೆದು ನೋಡಿದೆ, ಎರಡನೇ ಪ್ಯಾಚೂ ಇಲ್ಲ, ಮೂರನೇದೂ ಇಲ್ಲ, ಹ್ಯೂಜ್ ಪೇಜ್ ಮಾತ್ರ ಆನ್ ಇದೆ. ಸರಿ ಅಂತ ಕೆಮು ಎಮ್ಯುಲೇಟರ್ ಮೇಲೆ ಅದೇ ಕಾನ್ಫಿಗ್‌ನಲ್ಲಿ ಬೂಟ್ ಮಾಡಿ ಚಿಕ್ಕ ಪ್ರೋಗ್ರಾಮ್ ಬರೆದೆ: 2 ಎಂಬಿಗೆ ಅಲೈನ್ ಆದ ಮೆಮೊರಿ ತಗೊಂಡು, ಒಂದು ಬೈಟ್ ಬರೆದು ಹ್ಯೂಜ್ ಪೇಜ್ ಬರಿಸಿ, ಎಂಪ್ರೊಟೆಕ್ಟ್‌ನಲ್ಲಿ ರೀಡ್ ಓನ್ಲಿ ಮಾಡಿ, ಪ್ರೋಕ್ ಸೆಲ್ಫ್ ಮೆಮ್ ಮೂಲಕ ಅದೇ ಜಾಗಕ್ಕೆ ಬರೆಯೋದು. ಎರಡನೇ ಥ್ರೆಡ್ಡೂ ಬೇಕಾಗ್ಲಿಲ್ಲ. ರೈಟ್ ಕಾಲ್ ಒಳಗೆ ಹೋಯ್ತು, ಬರ್ಲೇ ಇಲ್ಲ. ಟಾಪ್‌ನಲ್ಲಿ ನೋಡಿದ್ರೆ ಒಂದು ಸಿಪಿಯು ನೂರಕ್ಕೆ ನೂರು, ಎಲ್ಲಾ ಸಿಸ್ಟಮ್ ಟೈಮ್. ಕಂಟ್ರೋಲ್ ಸಿಗೆ ಪ್ರೋಗ್ರಾಮ್‌ನಲ್ಲಿ ಹ್ಯಾಂಡ್ಲರ್ ಇಟ್ಟಿದ್ದೆ, ಅದು ಓಡ್ಲೇ ಇಲ್ಲ, ಜಿಡಿಬಿ ಅಟ್ಯಾಚ್ ಆಗಲಿಲ್ಲ, ಕಿಲ್ ಮೈನಸ್ 9ಗೆ ಮಾತ್ರ ಹೋಯ್ತು. ನಮ್ಮ ಎಕ್ಸ್‌ಪ್ಲಾಯ್ಟ್ ಟೆಸ್ಟ್ ರಾತ್ರಿಯೆಲ್ಲಾ ಪಾಸ್ ಅಂದಿದ್ದು ಇದೇ ಕರ್ನಲ್ ಮೇಲೆ, ಯಾಕಂದ್ರೆ ಆ ಟೆಸ್ಟ್ ಮುಟ್ಟೋದು ಸಾಮಾನ್ಯ ಫೈಲ್ ಪೇಜ್‌ನ ಮಾತ್ರ.

ಮಿಕ್ಕ ಎರಡು ಪ್ಯಾಚ್‌ನೂ ಒಟ್ಟಿಗೇ ತರಬೇಕು, ಬಿಡಿಬಿಡಿಯಾಗಿ ಮರ್ಜ್ ಮಾಡ್ಬಾರದು ಅಂತ ಟಿಕೆಟ್‌ನಲ್ಲಿ ಬರೆದೆ. ಅದು ಆಗೋವರೆಗೆ ಕಾನ್ಫಿಗ್‌ನಲ್ಲಿ ಹ್ಯೂಜ್ ಪೇಜೇ ಆಫ್, ನಮ್ಮ ಡಿವೈಸ್‌ಗೆ ಅದರಿಂದ ದೊಡ್ಡ ಲಾಭ ಏನಿಲ್ಲ. ಯೂಸರ್‌ಫಾಲ್ಟ್‌ಎಫ್‌ಡಿ ಮೇನ್‌ಲೈನ್‌ಗೆ ಬಂದಿದ್ದೇ 4.3ರಲ್ಲಿ, ವೆಂಡರ್ ಏನಾದ್ರೂ ಹಿಂದಕ್ಕೆ ತಂದಿದ್ದಾರಾ ಅಂತ ಹುಡುಕಿದೆ, ಇಲ್ಲ. ಆಮೇಲೆ ಡರ್ಟಿ ಬಿಟ್ ಹಾಕೋ ಪ್ರತಿ ಜಾಗನೂ ಒಂದೊಂದಾಗಿ ತೆಗೆದು, ಇಲ್ಲಿ ಕಾಪಿ ಆಗದ ಪೇಜ್‌ಗೆ ಬಿಟ್ ಬೀಳಬಹುದಾ ಅಂತ ಓದ್ತಿದೀನಿ. ವೆಂಡರ್‌ನ ಗ್ರಾಫಿಕ್ಸ್ ಡ್ರೈವರ್ ಒಂದು ಸ್ವಂತ ಫಾಲ್ಟ್ ಹ್ಯಾಂಡ್ಲರ್‌ನಲ್ಲಿ ಪಿಟಿಇ ಕಟ್ಟುತ್ತೆ, ಅಲ್ಲಿ ನಿಂತಿದೀನಿ ಈಗ.

ತುಂಗಾತೀರ:

ಆ ಡ್ರೈವರ್ ಮ್ಯಾಪಿಂಗ್ ಶೇರ್ಡ್ ಆಗಿದ್ರೆ ಈ ಚೆಕ್‌ವರೆಗೂ ಬರೋದೇ ಇಲ್ಲ ಅಲ್ವಾ? ಫೋರ್ಸ್ ಬರಹ ಪ್ರೈವೇಟ್‌ಗೆ ಮಾತ್ರ ಅಂತ ಮೇಲೆ ಹೇಳಿದ್ರಿ.

ಮೆಮೊರಿಮಾತು:

@ತುಂಗಾತೀರ ಹೌದು, ರೈಟ್ ಪರ್ಮಿಷನ್ ಇಲ್ಲದ ಶೇರ್ಡ್ ಮ್ಯಾಪಿಂಗ್‌ಗೆ ಫೋರ್ಸ್ ಇದ್ರೂ ಬಾಗಿಲಲ್ಲೇ ಎರರ್ ಕೊಟ್ಟು ಕಳಿಸ್ತಾರೆ. ಹಾಗಾಗಿ @ಪೇಜ್‌ಫಾಲ್ಟ್ ನೋಡಬೇಕಾದ್ದು ಆ ಡ್ರೈವರ್‌ನ ಎಂಮ್ಯಾಪ್ ಫಂಕ್ಷನ್ ಪ್ರೈವೇಟ್ ಮ್ಯಾಪಿಂಗ್ ಒಪ್ಕೊಳ್ಳುತ್ತಾ ಅನ್ನೋದು. ಎಷ್ಟೋ ಡ್ರೈವರ್‌ಗಳಲ್ಲಿ ಆ ಚೆಕ್ಕೇ ಇರಲ್ಲ. ಇಲ್ಲದಿದ್ರೆ ನೀವೇ ಸೇರಿಸಿ, ಎರಡು ಸಾಲು.

ಮತ್ತೆ ಆ ಹ್ಯಾಂಗ್ ಟೆಸ್ಟ್ ಬಿಸಾಕಬೇಡಿ, ಟೈಮ್‌ಔಟ್ ಹಾಕಿ ಸಿಐಗೆ (ಪ್ರತಿ ಬದಲಾವಣೆಗೂ ತಾನಾಗೇ ಓಡೋ ಟೆಸ್ಟ್‌ಗಳಿಗೆ) ಸೇರಿಸಿ, ಕಾನ್ಫಿಗ್‌ನಲ್ಲಿ ಯಾರಾದ್ರೂ ಹ್ಯೂಜ್ ಪೇಜ್ ಮತ್ತೆ ಆನ್ ಮಾಡಿದ್ರೆ ಅವತ್ತೇ ಗೊತ್ತಾಗುತ್ತೆ. ಮುಂದೆ ಯಾವತ್ತಾದ್ರೂ 6.12 ಅಥವಾ ಮೇಲಕ್ಕೆ ಹೋದ್ರೆ ಅಲ್ಲಿ ಪ್ರೋಕ್ ಮೆಮ್ ಮೂಲಕ ಫೋರ್ಸ್ ಬರಹನ ಪಿಟ್ರೇಸ್ ಮಾಡ್ತಿರೋರಿಗೆ (ಡಿಬಗ್ಗರ್ ಥರ ಅಟ್ಯಾಚ್ ಆಗಿರೋರಿಗೆ) ಮಾತ್ರ ಬಿಡೋ, ಇಲ್ಲ ಪೂರ್ತಿ ಬಂದ್ ಮಾಡೋ ಆಯ್ಕೆ ಇದೆ. ಫೀಲ್ಡಲ್ಲಿರೋ ಡಿವೈಸಲ್ಲಿ ಯಾರೂ ಜಿಡಿಬಿ ಹಾಕಲ್ಲ ಅಂದ್ರೆ ಅದನ್ನ ಬಂದ್ ಮಾಡಿಯೇ ಕಳಿಸಿ.